ಹಳೆ ಮನೆ ಕೆಡವುವಾಗ ಗೋಡೆಯಲ್ಲಿ ಬೆಳ್ಳಿ ನಾಣ್ಯ ಸಿಗುವುದೇಕೆ? ಸಿಕ್ಕರೆ ಅದು ಯಾರಿಗೆ ಸೇರುತ್ತದೆ?

ಬ್ಯಾಂಕ್ ಇಲ್ಲದ ಊರಿನಲ್ಲಿ ಮನೆಯೇ ತಿಜೋರಿಯಾಗಿತ್ತು, ಅದಕ್ಕೇ. 1969ರ ರಾಷ್ಟ್ರೀಕರಣದ ನಂತರವೇ ಸಣ್ಣ ಊರುಗಳಿಗೆ ಬ್ಯಾಂಕ್ ಶಾಖೆಗಳು ದೊಡ್ಡ ಪ್ರಮಾಣದಲ್ಲಿ ಬಂದವು. ಅದಕ್ಕೂ ಮೊದಲು ಉಳಿತಾಯವೆಂದರೆ ಗಡಿಗೆಯಲ್ಲಿ ತುಂಬಿ ಗೋಡೆಯೊಳಗೋ ನೆಲದಡಿಯೋ ಇಟ್ಟ ಬೆಳ್ಳಿ, ಬಂಗಾರ.

ಬೆಳ್ಳಿ ರೂಪಾಯಿಯೇ ಹೆಚ್ಚಾಗಿ ಸಿಗುವುದಕ್ಕೆ ಇನ್ನೊಂದು ಕಾರಣವಿದೆ. 1939ರವರೆಗಿನ ಬ್ರಿಟಿಷ್ ರೂಪಾಯಿ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ಶೇ 91.7ರಷ್ಟು ಬೆಳ್ಳಿ. 1940ರಿಂದ ಅದನ್ನು ಶೇ 50ಕ್ಕೆ ಇಳಿಸಿದರು, 1947ರಲ್ಲಿ ನಿಕ್ಕಲ್ ರೂಪಾಯಿಯೇ ಬಂತು. ಮುಖಬೆಲೆ ಒಂದೇ ಆದಾಗ ಜನ ಕಡಿಮೆ ಬೆಳ್ಳಿಯದನ್ನು ಸಂತೆಯಲ್ಲಿ ಖರ್ಚು ಮಾಡಿ, ಒಳ್ಳೆಯದನ್ನು ಬಚ್ಚಿಟ್ಟರು. ಜಾಗ ಗೊತ್ತಿರುತ್ತಿದ್ದುದು ಬಹಳವೆಂದರೆ ಮನೆಯ ಹಿರಿಯರೊಬ್ಬರಿಗೆ. ಪ್ಲೇಗಿನಂಥ ರೋಗ ಬಂದು ಅವರು ಹಠಾತ್ತನೆ ತೀರಿಕೊಂಡರೆ ಗುಟ್ಟೂ ಅವರೊಂದಿಗೇ ಹೋಗುತ್ತಿತ್ತು.

ಇನ್ನು ಒಡೆತನದ ಮಾತು. ಸಿಕ್ಕಿದ್ದನ್ನು ಸದ್ದಿಲ್ಲದೆ ಕರಗಿಸಲು ಕೊಡಬೇಡಿ. ಅದು ಕಾನೂನಿಗೂ ವಿರುದ್ಧ, ಊರಿನ ಚರಿತ್ರೆಗೂ ನಷ್ಟ. 1878ರ ಕೇಂದ್ರ ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಅಥವಾ ನೆಲಕ್ಕೆ ಸೇರಿದ ಕಟ್ಟಡದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಅಜ್ಜನೋ ಮುತ್ತಜ್ಜನೋ ನೂರು ವರ್ಷದೊಳಗೆ ಇಟ್ಟದ್ದು ಎಂದು ತೋರಿಸಬಲ್ಲಿರಾದರೆ ಕೇಂದ್ರ ಕಾಯ್ದೆ ನಿಮ್ಮ ಹಕ್ಕನ್ನು ಒಪ್ಪುತ್ತದೆ. ಆದ್ದರಿಂದ ಹಳೆಯ ಪತ್ರ, ಲೆಕ್ಕದ ಪುಸ್ತಕ ಎಸೆಯಬೇಡಿ. ನಾಣ್ಯಗಳನ್ನು ತಿಕ್ಕಿ ತೊಳೆಯಲೂ ಬೇಡಿ.