ಕೊಲ್ಲದೆ ಗೆಲ್ಲುವ ದಾರಿ

ಪ್ರಶ್ನೆ: ವಿಡಿಯೋ ಗೇಮ್‌ಗಳಲ್ಲಿ ನನ್ನ ಮಗ ಶತ್ರುಗಳನ್ನು ಕೊಲ್ಲುತ್ತಲೇ ಇರುತ್ತಾನೆ. ಇದರ ನೈತಿಕ ಹೊಣೆ ಆಡುವವನದೋ, ಆಟ ರೂಪಿಸಿದವರದೋ?

ಉತ್ತರ: ಕೊಲ್ಲುವುದರ ಹೊರತು ಮುಂದೆ ಸಾಗಲು ಬೇರೆ ದಾರಿಯನ್ನೇ ಇಡದ ಆಟದಲ್ಲಿ ಆಡುವವನನ್ನು ದೂರುವುದು ನ್ಯಾಯವಲ್ಲ, ಆ ಹೊಣೆ ಬಹುಮಟ್ಟಿಗೆ ವಿನ್ಯಾಸಕರದೇ. 2012ರ ‘ಡಿಸ್‌ಆನರ್ಡ್’ ಆಟವನ್ನು ಯಾರನ್ನೂ ಕೊಲ್ಲದೆ ಮುಗಿಸಬಹುದು. ಕೊಲೆಗಳು ಹೆಚ್ಚಿದಷ್ಟೂ ನಗರದಲ್ಲಿ ಇಲಿಗಳೂ ಪ್ಲೇಗ್ ಪೀಡಿತರೂ ಹೆಚ್ಚಿ, ಮುಕ್ತಾಯವೂ ಕರಾಳವಾಗುತ್ತದೆ. ಆದರೆ ಅದರ ರೋಚಕ ಆಯುಧಗಳಲ್ಲಿ ಬಹುಪಾಲು ಕೊಲ್ಲುವುದಕ್ಕೇ ಇರುವುದರಿಂದ, ದಯೆ ತೋರಿದವನಿಗೆ ಸ್ವಾರಸ್ಯವೇ ಕಡಿಮೆಯಾಗುತ್ತದೆ. ಇದು ನನಗೆ ಅರೆಮನಸ್ಸಿನ ನೀತಿಯಾಗಿ ಕಾಣುತ್ತದೆ. (ಅದು ವಯಸ್ಕರಿಗೆಂದೇ ಗುರುತಿಸಲಾದ ಆಟ ಎಂಬುದನ್ನೂ ಗಮನಿಸಿ.) ಟೋಬಿ ಫಾಕ್ಸ್ ಅವರ ‘ಅಂಡರ್‌ಟೇಲ್’ (2015) ಹೆಚ್ಚು ಪ್ರಾಮಾಣಿಕವಾದುದು: ಅಲ್ಲಿ ಎದುರಾಳಿಯ ಸ್ವಭಾವವನ್ನು ಅರಿತು, ಮಾತಾಡಿಸಿ, ಬಿಟ್ಟುಬಿಡುವುದೇ ಆಟದ ಕೌಶಲ, ಎಲ್ಲರನ್ನೂ ಹುಡುಕಿ ಕೊಲ್ಲಹೊರಟವನಿಗೆ ಜನರು ಓಡಿಹೋದ ಬರಿದಾದ ಊರು ಎದುರಾಗುತ್ತದೆ.