ಎಂಜಿನ್ ಆಯಿಲ್ ಕಪ್ಪಾದ ಮಾತ್ರಕ್ಕೆ ಬದಲಾಯಿಸಬೇಕೇ? ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ನಿಮ್ಮ ಪೆಟ್ರೋಲ್ ವ್ಯಾಗನ್ ಆರ್ ಸರ್ವಿಸ್ ಆದ ಮೇಲೆ 6,000 ಕಿ.ಮೀ. ಓಡಿದೆ, ಆಯಿಲ್ ಕಪ್ಪಾಗಿದೆ, ಈಗಲೇ ಬದಲಾಯಿಸಿ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ, ಅದು ಸರಿಯೇ ಎಂದು ಕೇಳಿದ್ದೀರಿ. ಆ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದೂ ಕೇಳಿದ್ದೀರಿ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಆದರೆ ನನ್ನ ಕಾರಿನ ಆಯಿಲನ್ನು ಹಲವು ವರ್ಷಗಳಿಂದ ಮನೆಯಂಗಳದಲ್ಲೇ ಬದಲಾಯಿಸಿಕೊಳ್ಳುತ್ತ ಬಂದಿರುವುದರಿಂದ ತಿಳಿದಷ್ಟನ್ನು ವಿವರವಾಗಿ ಬರೆಯುತ್ತೇನೆ.

ಮೊದಲು ಬಣ್ಣದ ವಿಷಯ. ಎಂಜಿನ್ ಆಯಿಲಿನಲ್ಲಿ ಮಸಿಯನ್ನೂ ಕೊಳೆಯನ್ನೂ ಲೋಹದ ಮೈಯಿಂದ ಬಿಡಿಸಿ ತನ್ನೊಳಗೇ ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಆದ್ದರಿಂದ ಆಯಿಲ್ ಕಪ್ಪಾಗುವುದು ಅದು ತನ್ನ ಕೆಲಸ ಮಾಡುತ್ತಿರುವುದರ ಗುರುತೇ ಹೊರತು ಕೆಟ್ಟುಹೋಗಿರುವುದರ ಗುರುತಲ್ಲ. ಡೀಸೆಲ್ ಕಾರುಗಳಲ್ಲಂತೂ ಹೊಸ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ನಿಜವಾಗಿ ಗಾಬರಿಯಾಗಬೇಕಾದ ಬಣ್ಣ ಬೇರೆಯೇ ಇದೆ: ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದರೊಳಗೆ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಸೇರಿರುವ ಸಾಧ್ಯತೆಯಿದ್ದು, ಎಂಜಿನ್ನಿನ ಮೇಲ್ಭಾಗವನ್ನು ಸೋರದಂತೆ ಮುಚ್ಚಿಡುವ ಹೆಡ್ ಗ್ಯಾಸ್ಕೆಟ್ ಪರೀಕ್ಷೆಯಾಗುವವರೆಗೆ ಕಾರನ್ನು ಓಡಿಸಬಾರದು. ಆದರೆ ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಬದಿಯಲ್ಲಿ ತೆಳುವಾದ ಬಿಳಿ ನೊರೆ ಕಟ್ಟುವುದುಂಟು. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರದಿದ್ದಾಗ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನ (ಆಯಿಲಿನ ಮಟ್ಟ ನೋಡುವ ಕಡ್ಡಿಯ) ಮೇಲಿನ ಆಯಿಲ್ ಹಾಲು ಬೆರೆತಂತೆ ಕಾಣದಿದ್ದು ಕೂಲೆಂಟ್ ಮಟ್ಟವೂ ಇಳಿಯದಿದ್ದರೆ, ಒಮ್ಮೆ ದೂರ ಪ್ರಯಾಣ ಮಾಡಿಬಂದಾಗ ಅದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ.

ಬಣ್ಣಕ್ಕಿಂತ ಮುಖ್ಯವಾದದ್ದು ಆಯಿಲಿನ ಮಟ್ಟ. ಅದನ್ನು ನೋಡಲು ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಮೇಲಿರುವ ಆಯಿಲ್ ಕೆಳಗಿಳಿದು ಚೇಂಬರಿಗೆ (ಎಂಜಿನ್ನಿನ ತಳದಲ್ಲಿರುವ ಆಯಿಲ್ ತೊಟ್ಟಿಗೆ) ಸೇರಲು ಕನಿಷ್ಠ ಐದು ನಿಮಿಷ ಕಾಯಬೇಕು. ಬೆಳಿಗ್ಗೆ ಕಾರು ತೆಗೆಯುವ ಮುನ್ನವೇ ನೋಡಿದರೆ ಇನ್ನೂ ಅನುಕೂಲ. ಮೊದಲ ಸಲ ಎಳೆದ ಡಿಪ್‌ಸ್ಟಿಕ್ಕನ್ನು ನಂಬಬೇಡಿ, ಏಕೆಂದರೆ ಕೊಳವೆಯ ಗೋಡೆಗೆ ಅಂಟಿದ್ದ ಆಯಿಲ್ ಅದರ ಮೈಗೆಲ್ಲ ಬಳಿದುಕೊಂಡಿರುತ್ತದೆ. ನೂಲು ಬಿಡದ ಬಟ್ಟೆಯಿಂದ ಒರೆಸಿ, ಕೊನೆಯವರೆಗೂ ತೂರಿಸಿ, ಮತ್ತೆ ಎಳೆದು ಅಡ್ಡವಾಗಿ ಹಿಡಿದು ಎರಡೂ ಮುಖಗಳನ್ನು ನೋಡಿ. ಯಾವ ಮುಖದಲ್ಲಿ ಆಯಿಲಿನ ಗೆರೆ ಕೆಳಗಿದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಕಡ್ಡಿಯ ಮೇಲಿನ ಕನಿಷ್ಠ, ಗರಿಷ್ಠ ಎಂಬ ಎರಡು ಗುರುತುಗಳ ನಡುವೆ ಎಲ್ಲಿದ್ದರೂ ಸರಿ. ಬಹುತೇಕ ಸಣ್ಣ ಕಾರುಗಳಲ್ಲಿ ಈ ಗುರುತುಗಳ ನಡುವಿನ ಅಂತರ ಹೆಚ್ಚೆಂದರೆ ಒಂದು ಲೀಟರಿನಷ್ಟು. ಒಟ್ಟು ಹಿಡಿಯುವುದೇ ಸುಮಾರು ಮೂರು ಲೀಟರ್ ಆಗಿರುವಾಗ ಕೆಳಗಿನ ಗುರುತಿಗೆ ಬಂದಿದೆ ಎಂದರೆ ಮೂರನೇ ಒಂದು ಭಾಗದವರೆಗೂ ಕಡಿಮೆಯಾಗಿರಬಹುದು ಎಂದರ್ಥ.

ಇದನ್ನು ತಿಂಗಳಿಗೊಮ್ಮೆ ನೀವೇ ನೋಡಬೇಕು ಎಂದು ನಾನು ಒತ್ತಾಯಪೂರ್ವಕವಾಗಿಯೇ ಹೇಳುತ್ತೇನೆ. ಆಯಿಲ್ ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದಲ್ಲ ಎಂದು ಬಹಳ ಮಂದಿ ನಿಶ್ಚಿಂತೆಯಿಂದಿರುತ್ತಾರೆ. ಆದರೆ ಆಯಿಲ್ ಡಬ್ಬದ ಚಿತ್ರವಿರುವ ಆ ಕೆಂಪು ದೀಪ ಸೂಚಿಸುವುದು ಮಟ್ಟವನ್ನಲ್ಲ, ಒತ್ತಡವನ್ನು. ಪಂಪಿಗೆ ಎಳೆಯಲು ಆಯಿಲ್ ಸಾಲದೆ ಒತ್ತಡ ಕುಸಿದ ಮೇಲೆ ಅದು ಹತ್ತುತ್ತದೆ, ಅಷ್ಟರಲ್ಲಿ ಬೇರಿಂಗುಗಳು ಸವೆಯತೊಡಗಿರುತ್ತವೆ. ಓಡುತ್ತಿರುವಾಗ ಅದು ಹತ್ತಿದರೆ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಎನ್ನದೆ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು.

ಇನ್ನು ಯಾವಾಗ ಬದಲಾಯಿಸಬೇಕು? ಮಾರುತಿಯ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬುದು ಸಾಮಾನ್ಯ ನಿಯಮ. ಧೂಳಿನ ರಸ್ತೆ, ಪದೇ ಪದೇ ಕಿರು ಓಡಾಟ, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡುವುದು, ಇವುಗಳನ್ನು ಕಠಿಣ ಬಳಕೆ ಎಂದು ಪರಿಗಣಿಸಿ ಇದಕ್ಕಿಂತ ಬೇಗ ಬದಲಾಯಿಸಬೇಕಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡ ಕಾರಿನ ಮೀಟರ್ ಓಡದಿದ್ದರೂ ಆಯಿಲ್ ದುಡಿಯುತ್ತಲೇ ಇರುತ್ತದೆ. ನಿಮ್ಮ ಓಡಾಟ ಬಹುಪಾಲು ಅಂಥದ್ದೇ ಆಗಿದ್ದರೆ 6,000–7,000 ಕಿ.ಮೀ.ಗೆ ಬದಲಾಯಿಸುವುದರಲ್ಲಿ ನಷ್ಟವೇನಿಲ್ಲ. ಹೆದ್ದಾರಿಯಲ್ಲೇ ಹೆಚ್ಚು ಓಡಿದ್ದರೆ, ಮಟ್ಟವೂ ಸರಿಯಿದ್ದರೆ, ಒಂದು ವರ್ಷವೂ ತುಂಬಿಲ್ಲದಿದ್ದರೆ, ಬಣ್ಣವೊಂದನ್ನೇ ನೋಡಿ ಹೇಳಿದ ಮಾತಿಗೆ ಹಣ ಖರ್ಚು ಮಾಡಬೇಡಿ.

ಆಯಿಲಿನ ದರ್ಜೆಯ ವಿಷಯದಲ್ಲಿ ಮಾತ್ರ ಯಾರ ಸಲಹೆಯನ್ನೂ ಕೇಳದೆ ಕಾರಿನ ಕೈಪಿಡಿಯಲ್ಲಿರುವುದನ್ನೇ ಹಾಕಿ. ಇತ್ತೀಚಿನ ಹಲವು ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ 0ಡಬ್ಲ್ಯೂ-20ರಂತಹ ತೆಳುವಾದ ಆಯಿಲನ್ನೂ ಸ್ವಲ್ಪ ಹಳೆಯವಕ್ಕೆ 5ಡಬ್ಲ್ಯೂ-30 ಅನ್ನೂ ಸೂಚಿಸಿರುತ್ತಾರೆ. ರಾಯಚೂರು, ಕಲಬುರಗಿಯ ಬಿಸಿಲಿಗೆ ಇಷ್ಟು ತೆಳುವಾದದ್ದು ತಡೆಯುವುದಿಲ್ಲ, 20ಡಬ್ಲ್ಯೂ-50 ಹಾಕಿ ಎನ್ನುವವರಿದ್ದಾರೆ. ಆದರೆ ಎರಡನೆಯ ಅಂಕಿ ಆಯಿಲ್ ಬಿಸಿಯಾದಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಷ್ಟು ಮಂದವಾಗಿರುತ್ತದೆ ಎಂಬುದನ್ನು ತಿಳಿಸುತ್ತದೆ. ಹೊರಗೆ 25 ಡಿಗ್ರಿ ಇರಲಿ, 42 ಡಿಗ್ರಿ ಇರಲಿ, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸೇರಿ ಎಂಜಿನ್ನಿನ ಬಿಸಿಯನ್ನು ಬಹುಮಟ್ಟಿಗೆ ಒಂದೇ ಮಟ್ಟದಲ್ಲಿ ಇಟ್ಟಿರುತ್ತವೆ. ಈಗಿನ ಎಂಜಿನ್‌ಗಳ ಕಿರಿದಾದ ಸಂದುಗಳಿಗೆ ಮಂದವಾದ ಆಯಿಲ್ ಹರಿಯುವುದು ತಡವಾಗುತ್ತದೆ, ಮೈಲೇಜೂ ಇಳಿಯುತ್ತದೆ.

ಇನ್ನು ಮನೆಯಲ್ಲೇ ಬದಲಾಯಿಸುವುದು. ವಾರಂಟಿ ಇರುವಷ್ಟು ಕಾಲ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ ಬಿಲ್ ಇಟ್ಟುಕೊಳ್ಳಿ. ಆಮೇಲೆ ಧಾರಾಳವಾಗಿ ನೀವೇ ಮಾಡಬಹುದು, ಆದರೆ ಕೇವಲ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ತೂರಬಾರದು. ಎತ್ತಿದ ಕಾರಿನ ಭಾರ ಹೊರುವ ಜ್ಯಾಕ್ ಸ್ಟ್ಯಾಂಡ್ ಅಥವಾ ಕಾರನ್ನು ಹತ್ತಿಸಿ ನಿಲ್ಲಿಸುವ ರ‍್ಯಾಂಪ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಎಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗಾಗಿಸಿದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ದೂರದಿಂದ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ. ಚೇಂಬರಿನಿಂದ ಆಯಿಲ್ ಇಳಿಸಲು ಇರುವ ಡ್ರೈನ್ ಬೋಲ್ಟಿನ ಕೊನೆಯ ಸುತ್ತುಗಳನ್ನು ಮೇಲಕ್ಕೆ ಒತ್ತಿ ಹಿಡಿದೇ ಬಿಚ್ಚಿ ಚಕ್ಕನೆ ಕೈ ಹಿಂದೆಗೆದುಕೊಳ್ಳಬೇಕು. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ, ಏಕೆಂದರೆ ಎರಡು ರಿಂಗ್ ಒಂದರ ಮೇಲೊಂದು ಕುಳಿತರೆ ಎಂಜಿನ್ ಚಾಲೂ ಮಾಡಿದೊಡನೆ ಆಯಿಲೆಲ್ಲ ನೆಲಕ್ಕೆ ಚಿಮ್ಮುತ್ತದೆ. ಹೊಸ ಫಿಲ್ಟರಿನ ರಿಂಗಿಗೆ ಒಂದಿಷ್ಟು ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಫಿಲ್ಟರಿನ ಮೇಲೆ ಬರೆದಿರುವಷ್ಟೇ ಬಿಗಿ ಮಾಡಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಿ; ಅದನ್ನು ವಿಪರೀತ ಬಿಗಿ ಮಾಡಿ ಚೇಂಬರಿನ ತಿರುಪಿನ ಗೆರೆಗಳನ್ನು (ಥ್ರೆಡ್) ಹಾಳು ಮಾಡುವುದೇ ಗ್ಯಾರೇಜುಗಳಲ್ಲೂ ಪದೇ ಪದೇ ಆಗುವ ತಪ್ಪು.

ಆಯಿಲನ್ನು ಒಮ್ಮೆಗೇ ಪೂರ್ತಿ ಸುರಿಯದೆ, ಕೈಪಿಡಿಯ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ ಒಂದು ನಿಮಿಷ ಎಂಜಿನ್ ಓಡಿಸಿ. ಕೆಂಪು ದೀಪ ಆರಿತೇ, ಬೋಲ್ಟ್ ಮತ್ತು ಫಿಲ್ಟರಿನ ಬಳಿ ಜಿನುಗುತ್ತಿದೆಯೇ ಎಂದು ನೋಡಿ, ಆರಿಸಿ, ಕಾದು, ಉಳಿದದ್ದನ್ನು ಡಿಪ್‌ಸ್ಟಿಕ್ ನೋಡುತ್ತ ತುಂಬಿ. ಮೇಲಿನ ಗುರುತನ್ನು ದಾಟಿಸಿದರೆ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಯಾದ ಆಯಿಲಿನಿಂದ ಸಾಕಷ್ಟು ಒತ್ತಡ ಬರುವುದಿಲ್ಲ.

ಹಳೆಯ ಆಯಿಲನ್ನು ಚರಂಡಿಗೋ ಹಿತ್ತಲಿಗೋ ಸುರಿಯಬೇಡಿ. ಗೆದ್ದಲು ಬಾರದಿರಲೆಂದು ಬೇಲಿಯ ಗೂಟಗಳಿಗೆ ಬಳಿಯುವ ರೂಢಿ ನಮ್ಮ ಕಡೆ ಇದೆಯಾದರೂ ಮಳೆ ಬಂದಾಗ ಅದು ಮಣ್ಣಿಗೂ ಬಾವಿಗೂ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಮುಚ್ಚಳವಿರುವ ಡಬ್ಬಕ್ಕೆ ತುಂಬಿ, ನೋಂದಾಯಿತ ಮರುಸಂಸ್ಕರಣೆಗಾರರಿಗೆ ಕಳುಹಿಸುವ ಸರ್ವಿಸ್ ಸೆಂಟರಿಗೆ ಕೇಳಿ ಕೊಟ್ಟುಬಿಡಿ. ಹೊಸ ಆಯಿಲಿನ ಖಾಲಿ ಡಬ್ಬವನ್ನು ಗುಜರಿಗೆ ಹಾಕುವ ಮುನ್ನ ತೂತು ಮಾಡಿ ಸ್ಟಿಕರ್ ಹರಿದುಬಿಡಿ, ಅದರಲ್ಲಿ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ.