ಮದುವೆ ಮೇಕಪ್ ಮನೆಯಲ್ಲೇ ಮಾಡಿದರೂ ಪಾರ್ಲರಿನವರು ಮಾಡಿದಷ್ಟು ನೀಟಾಗಿ ಕೂರಬೇಕೆಂದರೆ

ನೀವು ಕೇಳಿದ್ದು ಇಷ್ಟು: ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ತಂಗಿಯ ಮದುವೆ, ಮೇಕಪ್ ನೀವೇ ಮಾಡುವವರು. ಸಾಮಾನೆಲ್ಲ ಒಳ್ಳೆಯದೇ ತಂದಿದ್ದೀರಿ. ಆದರೆ ಮಾಡಿ ನೋಡಿದಾಗಲೆಲ್ಲ ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ, ಎರಡು ತಾಸಿನಲ್ಲಿ ಬಾಯಿಯ ಪಕ್ಕ ಗೆರೆ ಬೀಳುತ್ತದೆ, ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಮುಖ ಬೆಳ್ಳಗೆ, ಕುತ್ತಿಗೆ ಕಪ್ಪಗೆ.

ಈ ಮೂರಕ್ಕೂ ಕಾರಣ ಬೇರೆ ಬೇರೆ. ಬೂದಿ ಬಣ್ಣ ಬರುವುದು ಕಪ್ಪು ಕಲೆಯ ಮೇಲೆ ನೇರವಾಗಿ ತಿಳಿ ಕನ್ಸೀಲರ್ (ಕಲೆ ಮುಚ್ಚುವ ದಪ್ಪ ಬಣ್ಣ) ಹಚ್ಚುವುದರಿಂದ. ಗೆರೆ ಬೀಳುವುದು ಪದರ ದಪ್ಪಗಾಗಿ, ಒಂದು ಒಣಗುವ ಮೊದಲೇ ಇನ್ನೊಂದನ್ನು ಹೇರುವುದರಿಂದ. ಫೋಟೋದ ಬಿಳುಪು ಪೌಡರಿನದು ಇಲ್ಲವೇ ಸನ್‌ಸ್ಕ್ರೀನಿನದು. ಇನ್ನಷ್ಟು ತುಟ್ಟಿ ಬ್ರ್ಯಾಂಡ್ ತಂದರೆ ಇವು ಯಾವುವೂ ಸರಿಹೋಗುವುದಿಲ್ಲ. ಈಗ ಹಚ್ಚುತ್ತಿರುವುದರಲ್ಲಿ ಅರ್ಧ ಹಚ್ಚಿರಿ, ಪ್ರತಿ ಪದರಕ್ಕೂ ಕೂರಲು ಟೈಮ್ ಕೊಡಿರಿ. ನೀಟಾಗಿ ಕಾಣುವುದರ ಮುಕ್ಕಾಲು ಪಾಲು ಅಲ್ಲೇ ಇದೆ.

ಮೊದಲು ಅರಿಶಿನದ ಮಾತು, ಯಾಕೆಂದರೆ ನಮ್ಮ ಕಡೆ ಮದುಮಗಳ ಮೇಕಪ್ ಕೆಡುವುದು ಹಿಂದಿನ ದಿನವೇ. ಅರಿಶಿನ ಹಚ್ಚಿ ಸುರಗಿ ಶಾಸ್ತ್ರದ ನೀರು ಹಾಕಿದ ಮೇಲೆ ಹಳದಿ ಬಣ್ಣ ಕೂದಲಂಚಿನಲ್ಲಿ, ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಉಳಿದುಬಿಡುತ್ತದೆ. ಅದನ್ನು ಸೋಪು ಹಚ್ಚಿ ತಿಕ್ಕಬೇಡಿರಿ. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅಲ್ಲದೆ ಸೋಪಿನ ಕ್ಷಾರ ತಾಗಿದರೆ ಅದು ಕೆಂಪಿಗೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಕೊಬ್ಬರಿ ಎಣ್ಣೆ ಅಥವಾ ಕ್ಲೆನ್ಸಿಂಗ್ ಬಾಮ್ ಹಚ್ಚಿ ಎರಡು ಮೂರು ನಿಮಿಷ ಮೆಲ್ಲಗೆ ಆಡಿಸಿ, ಹತ್ತಿಯಿಂದ ಒರೆಸಿ, ಆಮೇಲೆ ಮೃದುವಾದ ಫೇಸ್‌ವಾಶ್. ರಾತ್ರಿ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ ಮಾಡಿದರೆ ಸಾಕು. ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ. ತಿಕ್ಕಿ ಚರ್ಮ ಕೆಂಪಾದರೆ ಅದು ಫೌಂಡೇಶನ್ (ಇಡೀ ಮುಖಕ್ಕೆ ಹಚ್ಚುವ ಚರ್ಮದ ಬಣ್ಣದ ಪದರ) ಕೆಳಗೂ ಕಾಣುತ್ತದೆ.

ಥ್ರೆಡಿಂಗ್, ಫೇಶಿಯಲ್, ಬ್ಲೀಚ್ ಏನಿದ್ದರೂ ನಾಲ್ಕೈದು ದಿನ ಮೊದಲೇ ಮುಗಿಯಲಿ. ಹೊಸ ಸಾಮಾನಿದ್ದರೆ ಎರಡು ದಿನ ಮೊದಲು ಕಿವಿಯ ಹಿಂದೆ ಹಚ್ಚಿ, ತುರಿಸುತ್ತದೆಯೋ ಎಂದು ನೋಡಿರಿ. ದುರ್ಗದಬೈಲಿನಂಥ ಪೇಟೆಯಲ್ಲಿ ಅರ್ಧ ರೇಟಿಗೆ ಸಿಗುತ್ತದೆಂದು ಕೊಳ್ಳುವುದಾದರೆ ಡಬ್ಬಿಯ ಮೇಲೆ ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಖು ಇವೆಯೋ ಇಲ್ಲವೋ ನೋಡದೆ ತರಬೇಡಿರಿ.

ಬೆಳಕಿನ ವಿಷಯವನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಂಟಪದ ಮದುಮಗಳ ಕೋಣೆಯಲ್ಲಿ ಸಾಮಾನ್ಯವಾಗಿ ಇರುವುದು ಗೋಡೆಯ ಮೇಲಿನ ಒಂದು ಟ್ಯೂಬ್‌ಲೈಟ್. ಅದು ಕಣ್ಣಿನ ಕೆಳಗೆ ನೆರಳು ಬೀಳಿಸುತ್ತದೆ, ನೀವು ಆ ನೆರಳನ್ನೇ ಕಪ್ಪು ಕಲೆಯೆಂದು ತಿಳಿದು ಕನ್ಸೀಲರ್ ಸುರಿಯುತ್ತೀರಿ. ಕಿಟಕಿಗೆ ಎದುರಾಗಿ ಕೂರಿಸಿರಿ. ಕಿಟಕಿ ಪಕ್ಕಕ್ಕೆ ಬಂದರೆ ಒಂದು ಗಲ್ಲಕ್ಕೆ ಬ್ಲಶ್ ಜಾಸ್ತಿಯಾಗುತ್ತದೆ. ನಸುಕಿನಲ್ಲಿ ಶುರು ಮಾಡುವುದಿದ್ದರೆ ಬಿಳಿ ಬೆಳಕಿನ ರಿಂಗ್‌ಲೈಟ್ ಮುಖದ ನೇರಕ್ಕೆ ಇಡಿರಿ. ಹಳದಿ ಬಲ್ಬಿನ ಕೆಳಗೆ ಶೇಡ್ ತಪ್ಪಿದ್ದು ಗೊತ್ತೇ ಆಗುವುದಿಲ್ಲ.

ಇನ್ನು ಚರ್ಮದ ತಯಾರಿ. ಮೇ ತಿಂಗಳಲ್ಲಿ ನಮ್ಮಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ, ಬೆವರು ಬರುತ್ತದೆಂದು ಮಾಯಿಶ್ಚರೈಸರ್ ಬಿಡುವವರೇ ಹೆಚ್ಚು. ಬಿಡಬೇಡಿರಿ. ಒಣ ಚರ್ಮ ಫೌಂಡೇಶನ್ನಿನ ನೀರನ್ನು ಹೀರಿಕೊಂಡು ಮೇಲೆ ಬರೀ ಬಣ್ಣ ಉಳಿಸುತ್ತದೆ, ಅದೇ ಬಿರುಕು. ಜೆಲ್ ಮಾಯಿಶ್ಚರೈಸರ್ ಬಟಾಣಿ ಕಾಳಿನಷ್ಟು ಹಚ್ಚಿ ಹತ್ತು ನಿಮಿಷ ಬಿಡಿರಿ. ಆ ಹೊತ್ತಿನಲ್ಲಿ ಕೂದಲು ಕಟ್ಟಿ ಮುಗಿಸಬಹುದು. ಜಂಪರ್, ಪರಕಾರ (ಒಳಲಂಗ) ಮೊದಲೇ ತೊಟ್ಟಿರಲಿ. ಆಮೇಲೆ ಟಿಶ್ಯೂ ಒತ್ತಿ, ಮೇಲೆ ಉಳಿದ ಜಿಡ್ಡು ತೆಗೆಯಿರಿ. ಫೌಂಡೇಶನ್ನಿಗೆ ಮೊದಲು ಹಚ್ಚುವ ಪ್ರೈಮರ್ ಇಡೀ ಮುಖಕ್ಕೆ ಬೇಡ. ಮೂಗು, ಮೂಗಿನ ಪಕ್ಕದ ಗಲ್ಲ, ಹಣೆಯ ನಡುವೆ ಸಾಕು.

ಇಲ್ಲೊಂದು ಎಡವಟ್ಟು ಆಗುತ್ತದೆ. ಫೌಂಡೇಶನ್ ಹಚ್ಚುತ್ತಿದ್ದಂತೆ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬಂದರೆ ಕೆಳಗಿನದಕ್ಕೂ ಮೇಲಿನದಕ್ಕೂ ಹೊಂದಿಕೆಯಿಲ್ಲ ಎಂದರ್ಥ, ಇಲ್ಲವೇ ಕೆಳಗಿನ ಪದರ ಇನ್ನೂ ಹಸಿ ಇದೆ. ಎರಡನ್ನೂ ಒಂದೊಂದು ಹನಿ ಅಂಗೈ ಹಿಂಬದಿಗೆ ಹಾಕಿ ಬೆರಳಿನಿಂದ ಕಲಸಿರಿ. ಒಡೆದ ಹಾಲಿನಂತೆ ಬೇರೆಯಾದರೆ ಆ ಜೋಡಿ ಬೇಡ. ಡೈಮೆಥಿಕೋನ್ ಎಂಬ ಸಿಲಿಕೋನ್ ಹೆಚ್ಚಿರುವ ಪ್ರೈಮರಿನ ಮೇಲೆ ಅಂಥದ್ದೇ ಸಿಲಿಕೋನ್ ಫೌಂಡೇಶನ್ ಚೆನ್ನಾಗಿ ಕೂರುತ್ತದೆ.

ಈಗ ಬೂದಿ ಬಣ್ಣದ ಮೂಲಕ್ಕೆ ಬರೋಣ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಕಣ್ಣಿನ ಕೆಳಗೆ, ತುಟಿಯ ಸುತ್ತ ಕಪ್ಪು ಇರುವುದು ಸಹಜ. ಆ ಕಪ್ಪಿನಲ್ಲಿ ನೀಲಿ-ಕಂದು ಛಾಯೆ ಇರುತ್ತದೆ. ಅದರ ಮೇಲೆ ತಿಳಿ ಬಣ್ಣ ಎಳೆದರೆ ಎರಡೂ ಕೂಡಿ ಬೂದಿಯಾಗುತ್ತದೆ, ಎಷ್ಟು ಹಚ್ಚಿದರೂ ಬೂದಿಯೇ. ನೀಲಿಯನ್ನು ಕೊಲ್ಲುವುದು ಕಿತ್ತಳೆ. ಗೋಧಿ ಬಣ್ಣಕ್ಕೆ ಪೀಚ್, ಅದಕ್ಕಿಂತ ಗಾಢ ಬಣ್ಣಕ್ಕೆ ಅಚ್ಚ ಕಿತ್ತಳೆ ಕರೆಕ್ಟರ್ (ಕಪ್ಪು ಛಾಯೆಯನ್ನು ಸರಿಮಾಡಲು ಕೆಳಗೆ ಹಚ್ಚುವ ಬಣ್ಣ) ಬೇಕು. ಒಂದು ಕಣ್ಣಿಗೆ ಅಕ್ಕಿಕಾಳಿನಷ್ಟು ಮಾತ್ರ. ಕಣ್ಣಿನ ಒಳಮೂಲೆಯಿಂದ ಕೆಳಗಿನ ಹಳ್ಳದ ಗುಂಟ, ಕಪ್ಪು ಎಲ್ಲಿದೆಯೋ ಅಷ್ಟರ ಮೇಲೆ ಮಾತ್ರ, ಉಂಗುರ ಬೆರಳಿನಿಂದ ತಟ್ಟಿರಿ. ಇಡೀ ಕಣ್ಣಿನ ಕೆಳಗೆ ಅರ್ಧಚಂದ್ರ ಬಳಿಯುವುದು ವಿಡಿಯೋದಲ್ಲಿ ಚೆಂದ. ಬಿಸಿಲಿನಲ್ಲಿ ನಿಂತರೆ ಕಿತ್ತಳೆ ಹೊರಗೆ ಇಣುಕುತ್ತದೆ. ಒಂದು ನಿಮಿಷ ಕಾಯಿರಿ. ಹಚ್ಚಿದ ಜಾಗ ಈಗ ಚೂರು ಕೆಂಪಗೆ, ಪಕ್ಕದ ಚರ್ಮದಷ್ಟೇ ಗಾಢವಾಗಿ ಕಾಣಬೇಕು. ಹಾಗೆ ಕಂಡರೆ ಸರಿಯಾಗಿದೆ. ಮೇಲೆ ಫೌಂಡೇಶನ್ನನ್ನು ಒತ್ತಬೇಕು, ಎಳೆಯಬಾರದು. ಎಳೆದರೆ ಕರೆಕ್ಟರ್ ಸರಿದು ಮತ್ತೆ ಕಪ್ಪು ಬಯಲಾಗುತ್ತದೆ.

ಫೌಂಡೇಶನ್ ಶೇಡನ್ನು ಅಂಗೈ ಹಿಂಬದಿಯಲ್ಲಿ ನೋಡಿ ಆರಿಸಬೇಡಿರಿ. ದವಡೆಯ ಅಂಚಿನಿಂದ ಕುತ್ತಿಗೆಗೆ ಇಳಿಯುವಂತೆ ಮೂರು ಶೇಡುಗಳ ಪಟ್ಟಿ ಎಳೆದು ಹದಿನೈದು ನಿಮಿಷ ಬಿಟ್ಟು, ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ನೋಡಿರಿ. ಕೆಲವು ಫೌಂಡೇಶನ್ ಚರ್ಮದ ಎಣ್ಣೆ, ಗಾಳಿ ತಾಗಿ ಅರ್ಧ ಶೇಡಿನಷ್ಟು ಕಪ್ಪಾಗುತ್ತವೆ. ಕಾಯದಿದ್ದರೆ ಅದು ತಿಳಿಯುವುದಿಲ್ಲ. ಹುಡುಗಿಯನ್ನು ಎರಡು ಶೇಡ್ ಬೆಳ್ಳಗೆ ಮಾಡಿರಿ ಎಂದು ಮನೆಯ ಹಿರಿಯರು ಹೇಳಬಹುದು. ದಯವಿಟ್ಟು ಒಪ್ಪಬೇಡಿರಿ. ಕೈ, ಕಿವಿ, ಬೆನ್ನು ಬೇರೆ ಬಣ್ಣದಲ್ಲಿ ಉಳಿದು ಮುಖ ಮುಖವಾಡದಂತೆ ಕಾಣುತ್ತದೆ. ಆಕೆಯ ಬಣ್ಣ ಆಕೆಗೆ ಒಪ್ಪುತ್ತದೆ.

ಇಡೀ ಮುಖಕ್ಕೆ ಒಂದು ಪಂಪ್ ಸಾಕು, ಅದರಲ್ಲೂ ಮೊದಲು ಅರ್ಧ. ಸ್ಪಂಜನ್ನು ನೀರಿನಲ್ಲಿ ಪೂರ್ತಿ ಉಬ್ಬಿಸಿ, ಟವೆಲ್ಲಿನಲ್ಲಿ ಸುತ್ತಿ ಹಿಂಡಿರಿ. ಮುಟ್ಟಿದರೆ ತಂಪು ಅನ್ನಿಸಬೇಕು, ನೀರು ಬರಬಾರದು. ಬಣ್ಣವನ್ನು ಅಂಗೈ ಹಿಂಬದಿಗೆ ತೆಗೆದುಕೊಂಡು, ಮೂಗಿನ ಪಕ್ಕದಿಂದ ಶುರು ಮಾಡಿ ಕಿವಿಯ ಕಡೆಗೆ ತಟ್ಟುತ್ತ ಹೋಗಿರಿ. ಕಿವಿಯ ಹತ್ತಿರ ಬರುವಷ್ಟರಲ್ಲಿ ಸ್ಪಂಜಿನಲ್ಲಿ ಹೆಚ್ಚೇನೂ ಉಳಿದಿರಬಾರದು. ಬಾಯಿ ಪಕ್ಕದ ನಗೆಗೆರೆಯಲ್ಲಿ ಎಲ್ಲಕ್ಕಿಂತ ತೆಳುವಾಗಿರಲಿ, ಬಿರುಕು ಶುರುವಾಗುವುದೇ ಅಲ್ಲಿ. ಹಣೆಗೂ ಕಡಿಮೆ ಸಾಕು. ಬಾಸಿಂಗ ಕಟ್ಟಿದ ಮೇಲೆ ದಾರ ಅಲ್ಲಿ ಉಜ್ಜಿ ದಪ್ಪ ಪದರವನ್ನು ಕಿತ್ತು ತೆಗೆಯುತ್ತದೆ. ಸ್ಪಂಜಿನಲ್ಲಿ ಉಳಿದ ಚೂರನ್ನು ಕಿವಿಗೆ, ಕುತ್ತಿಗೆಗೆ ತಟ್ಟಿರಿ, ಜಂಪರಿನ ಅಂಚಿಗೆ ಎರಡು ಬೆರಳು ಮೇಲೇ ನಿಲ್ಲಿಸಿರಿ. ಎರಡು ನಿಮಿಷ ಬಿಟ್ಟು ನೋಡಿ, ಇನ್ನೂ ಕಲೆ ಕಂಡಲ್ಲಿ ಮಾತ್ರ ಕನ್ಸೀಲರ್. ಅದು ಫೌಂಡೇಶನ್ನಿಗಿಂತ ಅರ್ಧ ಶೇಡ್ ತಿಳಿ ಇದ್ದರೆ ಸಾಕು.

ಬ್ಲಶ್ ವಿಷಯದಲ್ಲಿ ಒಂದೇ ನಿಯಮ: ಕ್ರೀಮಿನದು ಪೌಡರಿಗೆ ಮೊದಲು, ಪುಡಿಯದು ಪೌಡರಿನ ನಂತರ. ಉಲ್ಟಾ ಮಾಡಿದರೆ ಮಚ್ಚೆಮಚ್ಚೆಯಾಗುತ್ತದೆ. ಇಳಕಲ್ ಸೀರೆಯ ಗಿರಿ ಕುಂಕುಮ ಬಣ್ಣಕ್ಕೆ, ಕೆಂಪು ತೋಪ ತೆನಿ ವಿನ್ಯಾಸದ ಸೆರಗಿಗೆ ಗುಲಾಬಿಗಿಂತ ಇಟ್ಟಿಗೆ ಕೆಂಪಿನ ತುಟಿ, ಗಲ್ಲ ಚೆನ್ನಾಗಿ ಒಪ್ಪುತ್ತವೆ ಎನ್ನುವುದು ನನ್ನ ಅಭಿಪ್ರಾಯ.

ಪೌಡರ್ ಹಚ್ಚುವ ಮೊದಲು ಆಕೆ ಮೇಲೆ ನೋಡಲಿ, ಕಣ್ಣಿನ ಕೆಳಗೆ ಗೆರೆಯಲ್ಲಿ ಕೂಡಿದ ಕನ್ಸೀಲರನ್ನು ಬೆರಳಿನಿಂದ ತಟ್ಟಿ ಸರಿಮಾಡಿ, ತಕ್ಷಣ ಪೌಡರ್ ಒತ್ತಿರಿ. ಗೆರೆ ಇದ್ದಾಗಲೇ ಪೌಡರ್ ಹಾಕಿದರೆ ಆ ಗೆರೆ ಸಂಜೆವರೆಗೂ ಹಾಗೇ ಇರುತ್ತದೆ. ಪಫ್ ಮೇಲೆ ಪೌಡರ್ ತೆಗೆದುಕೊಂಡು, ಮಡಚಿ ಉಜ್ಜಿ, ಹೆಚ್ಚಿನದನ್ನು ಕೊಡವಿ, ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಗದ್ದ, ಹಣೆ ಇಷ್ಟಕ್ಕೇ ಒತ್ತಿರಿ. ಗಲ್ಲದ ಮೇಲ್ಭಾಗ ಬಿಡಿರಿ, ಚರ್ಮ ಚರ್ಮದಂತೆ ಕಾಣುವುದು ಅಲ್ಲೇ. ಕಣ್ಣಿನ ಕೆಳಗೆ ಗುಡ್ಡೆ ಹಾಕಿ ಹತ್ತು ನಿಮಿಷ ಬಿಡುವ ಬೇಕಿಂಗ್ ನಮ್ಮ ಒಣ ಬೇಸಿಗೆಗೆ ಖಂಡಿತ ಬೇಡ.

ಫೋಟೋದ ಬಿಳುಪಿಗೆ ಬಂದರೆ, ಎಚ್‌ಡಿ ಎಂದು ಮಾರುವ ಅಚ್ಚ ಬಿಳಿ ಪೌಡರುಗಳಲ್ಲಿ ಬಹಳಷ್ಟು ಸಿಲಿಕಾ ಇರುತ್ತದೆ, ಕೆಲವು ಸನ್‌ಸ್ಕ್ರೀನುಗಳಲ್ಲಿ ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್. ಇವು ಫ್ಲ್ಯಾಶ್ ಬೆಳಕನ್ನು ನೇರ ಕ್ಯಾಮೆರಾಗೆ ಹಿಂದಿರುಗಿಸುತ್ತವೆ. ಕಣ್ಣಿಗೆ ಕಾಣದ ಬಿಳುಪು ಫೋಟೋದಲ್ಲಿ ಕಾಣುವುದು ಅದಕ್ಕೇ. ತಿಳಿ ಹಳದಿ ಛಾಯೆಯ ಪೌಡರ್ ತರುವುದು ಒಳ್ಳೆಯದು. ಏನೇ ತಂದರೂ ಕೋಣೆ ಕತ್ತಲು ಮಾಡಿ, ಮೊಬೈಲಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿರಿ. ಈ ಪರೀಕ್ಷೆ ಮದುವೆಯ ದಿನಕ್ಕಲ್ಲ, ವಾರ ಮೊದಲೇ.

ಕಾಡಿಗೆ ಹರಡುವುದು ಅದರಲ್ಲಿರುವ ಎಣ್ಣೆ, ಮೇಣದಿಂದ. ಹಚ್ಚಿದ ಮೇಲೆ ಸಣ್ಣ ಚಪ್ಪಟೆ ಬ್ರಶ್‌ನಿಂದ ಗಾಢ ಕಂದು ಮ್ಯಾಟ್ ಐಶ್ಯಾಡೋ ಅದರ ಅಂಚಿನ ಮೇಲೆ ಒತ್ತಿದರೆ ನಿಲ್ಲುತ್ತದೆ. ಕೃತಕ ರೆಪ್ಪೆಗೆ ಅಂಟು ಹಚ್ಚಿ ಮೂವತ್ತು ಸೆಕೆಂಡ್ ಬಿಟ್ಟು, ಜಿಗುಟಾದ ಮೇಲೆ ಮೊದಲು ನಡುವೆ, ಆಮೇಲೆ ಎರಡೂ ತುದಿ ಕೂರಿಸಿರಿ. ಉದ್ದವಾದರೆ ಹೊರ ತುದಿಯಿಂದ ಕತ್ತರಿಸಿರಿ. ಟಿಕಳಿ (ಬಿಂದಿ) ಪೌಡರಿನ ಮೇಲೆ ಅಂಟುವುದಿಲ್ಲ. ಇಡುವ ಜಾಗವನ್ನಷ್ಟೇ ಹತ್ತಿಕಡ್ಡಿಯಿಂದ ಒರೆಸಿ ಅಂಟಿಸಿರಿ. ನಿಜ ಕುಂಕುಮವಾದರೆ ಹಳೆಯ ಪದ್ಧತಿಯೇ ಸರಿ, ಕೆಳಗೆ ಚೂರು ಮೇಣ ಹಚ್ಚಿದರೆ ಪುಡಿ ಮೂಗಿನ ಮೇಲೆ ಉದುರುವುದಿಲ್ಲ.

ಲಿಪ್‌ಸ್ಟಿಕ್ ಒಂದು ಪದರ, ಟಿಶ್ಯೂ ಒತ್ತಿ ಇನ್ನೊಂದು ತೆಳು ಪದರ. ಮೇಕಪ್ ನಿಲ್ಲಿಸುವ ಸೆಟಿಂಗ್ ಸ್ಪ್ರೇ ಒಂದು ಮೊಳದೊಳಗೆ, 25 ಸೆಂಟಿಮೀಟರ್ ದೂರದಿಂದ. ಹತ್ತಿರ ಹಿಡಿದರೆ ಹನಿಯ ಗುರುತು ಬೀಳುತ್ತದೆ. ಗುಲಾಬಿ ನೀರು ಇದರ ಕೆಲಸ ಮಾಡುವುದಿಲ್ಲ, ಅದರಲ್ಲಿ ಪದರ ಕಟ್ಟುವ ಪಾಲಿಮರ್ ಇಲ್ಲ.

ಎಲ್ಲ ಸೇರಿ ಎರಡು ತಾಸು ಹಿಡಿಯುತ್ತದೆ. ಅಕ್ಕಿಕಾಳು (ಮುಹೂರ್ತ) 12 ಗಂಟೆಗಿದ್ದರೆ ಹಿಂದಿನ ಶಾಸ್ತ್ರಗಳಿಗೆ ಬೇಕಾಗುವ ಹೊತ್ತು ಕಳೆದು ಲೆಕ್ಕ ಹಾಕಿರಿ. ಮಂಟಪದಲ್ಲಿ ಹತ್ತಿರ ನಿಲ್ಲುವವರ ಕೈಯಲ್ಲಿ ಟಿಶ್ಯೂ, ಪಫ್, ಲಿಪ್‌ಸ್ಟಿಕ್ ಇರಲಿ. ಬೆವರು ಬಂದರೆ ಮೊದಲು ಟಿಶ್ಯೂ ಒತ್ತಿ ನೀರು ಹೀರಿಸಿ, ಆಮೇಲೆ ಪೌಡರ್. ಬೆವರಿನ ಮೇಲೆ ಪೌಡರ್ ಹಾಕಿದರೆ ಹಿಟ್ಟಾಗುತ್ತದೆ. ಹೋಮದ ಹೊಗೆಗೆ ಕಣ್ಣೀರು ಬಂದಾಗ ಆಕೆ ಒರೆಸಿಕೊಳ್ಳಬಾರದು. ಟಿಶ್ಯೂವಿನ ಮೂಲೆಯನ್ನು ಚೂಪಾಗಿ ಮಡಚಿ ಕಣ್ಣಿನ ಒಳಮೂಲೆಗೆ ತಾಗಿಸಿದರೆ ನೀರು ಅದಕ್ಕೇ ಏರುತ್ತದೆ, ಕಾಡಿಗೆಯೂ ಕೆಡುವುದಿಲ್ಲ, ಕೆಳಗಿನ ಕರೆಕ್ಟರೂ ಜಾಗ ಬಿಡುವುದಿಲ್ಲ.